ಬ್ಲೆಚ್ಲಿ ಉಪವನ

ಇಂಗ್ಲೆಂಡಿಗೆ ಹೋಗುವ ನಮ್ಮವರು ತಪ್ಪದೆ ನೋಡಿಬರುವ ಸ್ಥಳಗಳು ಕೆಲವಿವೆ. ಲಂಡನ್ನಿನ ಹಳೆಯ ಕೋಟೆ, ವೆಸ್ಟ್‌ಮಿನ್‌ಸ್ಟರಿನ ದೇವಮಂದಿರ, ಷೇಕ್ಸ್‌ಪಿಯರನ ಹುಟ್ಟೂರು, ಆಕ್ಸ್‌ಫರ್ಡಿನ ವಿದ್ಯಾಶಾಲೆಗಳು ಇವುಗಳ ವರ್ಣನೆಯನ್ನು ವಾಚಕರು ಅನೇಕ ಸಲ ಓದಿಯೇ ಇರುವರು. ನಾವು ಈ ಸಲ ಹೇಳಹೊರಟಿರುವುದು ಅಷ್ಟು ಪ್ರಾಚೀನವೂ ಅಲ್ಲದ, ಅಷ್ಟೇನೂ ಚೆಲುವೂ ಅಲ್ಲದ ಒಂದು ಸ್ಥಳದ ವಿಚಾರ. ಅದರ ಹೆಸರು ಬ್ಲೆಚ್ಲಿ ಪಾರ್ಕ್; ನಮ್ಮ ಮಾತಿನಲ್ಲಿ ಬ್ಲೆಚ್ಲಿ ಉಪವನವೆನ್ನೋಣ.

ಇಂದು ನಮ್ಮ ಮನೆಗಳಲ್ಲಿ ಮಕ್ಕಳು ಪಾಠವನ್ನು ಕೃತಕ ಬುದ್ಧಿಯ ಯಂತ್ರದಿಂದ ಕೇಳಿಕೊಳ್ಳುತ್ತಾರೆ. ಹಿರಿಯರು ತಮ್ಮ ಕೆಮ್ಮು ಕೀಲುನೋವುಗಳಿಗೆ ಅದನ್ನೇ ಮದ್ದು ಕೇಳುತ್ತಾರೆ. ಯಂತ್ರವು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ವಿದ್ವಾಂಸರು ಹೇಳಲಿ. ಏನನ್ನು ಅದರ ಕೈಗೆ ಒಪ್ಪಿಸಬಾರದು ಎಂಬುದು ಮಾತ್ರ ಗೃಹಸ್ಥರೆಲ್ಲರ ಪ್ರಶ್ನೆ. ಗಣಕಯಂತ್ರದ ಬಾಲ್ಯದ ಮನೆಗಳಲ್ಲಿ ಒಂದಾದ ಬ್ಲೆಚ್ಲಿಯಲ್ಲಿ ಈ ಪ್ರಶ್ನೆಗೆ ಏನಾದರೂ ಬೆಳಕು ದೊರೆಯಬಹುದೆಂಬ ಆಸೆಯಿಂದ ನಾವು ಅಲ್ಲಿಗೆ ಹೋದೆವು.

ಲಂಡನ್ನಿನಿಂದ ವಾಯವ್ಯಕ್ಕೆ ಸುಮಾರು 50 ಮೈಲಿಗಳಾಚೆ, ಬಕಿಂಗ್‌ಹ್ಯಾಮ್ ಸೀಮೆಯಲ್ಲಿ ಬ್ಲೆಚ್ಲಿ ಎಂಬ ಊರಿದೆ. ಯೂಸ್ಟನ್ ನಿಲ್ದಾಣದಲ್ಲಿ ರೈಲುಬಂಡಿಯನ್ನೇರಿದರೆ ಸುಮಾರು ಮುಕ್ಕಾಲು ಗಂಟೆಯ ಪ್ರಯಾಣ. ನಾವು ಹೋದುದು ಶರತ್ಕಾಲದ ಒಂದು ಬೆಳಿಗ್ಗೆ. ದಾರಿಯುದ್ದಕ್ಕೂ ಬೇಲಿ ಕಟ್ಟಿದ ಹೊಲಗಳು, ಅಲ್ಲಲ್ಲಿ ಕುರಿಮಂದೆ, ತುಂತುರು ಮಳೆ. ನಿಲ್ದಾಣದಿಂದ ಉಪವನದ ಬಾಗಿಲಿಗೆ ಕಾಲುನಡಿಗೆಯಲ್ಲಿ ಕೆಲವೇ ನಿಮಿಷಗಳ ದಾರಿ.

ಒಳಹೊಕ್ಕೊಡನೆ ಕಾಣುವುದು ಒಂದು ಚಿಕ್ಕ ಕೊಳ, ಕೊಳದಾಚೆ ಹುಲ್ಲುಹಾಸು, ಅದರಾಚೆ ಕೆಂಪು ಇಟ್ಟಿಗೆಯ ಒಂದು ದೊಡ್ಡ ಬಂಗಲೆ. 1883 ರಲ್ಲಿ ಹರ್ಬರ್ಟ್ ಲಿಯಾನ್ ಎಂಬ ಲಂಡನ್ನಿನ ಧನಿಕರು ಈ ಎಸ್ಟೇಟನ್ನು ಕೊಂಡು, ತಮ್ಮ ಮನಸ್ಸಿಗೆ ಬಂದಂತೆಲ್ಲ ಬಂಗಲೆಯನ್ನು ಬೆಳೆಸಿದರು. ಒಂದು ಕಡೆ ಗುಮ್ಮಟ, ಇನ್ನೊಂದು ಕಡೆ ಚೂಪು ಮಾಡು, ಮತ್ತೊಂದು ಕಡೆ ಡಚ್ಚರ ಮಾದರಿಯ ಗೋಡೆ. ಶಿಲ್ಪಜ್ಞರು ಇದನ್ನು ನೋಡಿ ಮೂಗು ಮುರಿಯುವುದುಂಟು. ಹಣವುಳ್ಳವನು ಮೇಸ್ತ್ರಿಯ ಮಾತನ್ನು ಕೇಳದೆ ಕಟ್ಟಿಸಿದ ಮನೆಗಳು ನಮ್ಮಲ್ಲಿಯೂ ಕಡಮೆಯಿಲ್ಲವಾದುದರಿಂದ ನಮಗೆ ಅದು ವಿಚಿತ್ರವೆನಿಸಲಿಲ್ಲ.

1938 ರಲ್ಲಿ ಬ್ರಿಟಿಷ್ ಗೂಢಚಾರ ಶಾಖೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಸಿಂಕ್ಲೇರ್ ಎಂಬವರು ಈ ಜಾಗವನ್ನು ಕೊಂಡರು. ಯುದ್ಧವು ಸಮೀಪಿಸುತ್ತಿದ್ದ ಕಾಲ. ಶತ್ರುಗಳ ಗುಪ್ತಲಿಪಿಯನ್ನು ಒಡೆದು ಓದುವ ಪಂಡಿತರನ್ನು ಲಂಡನ್ನಿನಿಂದ ದೂರದಲ್ಲಿ ಇರಿಸಬೇಕಾಗಿದ್ದಿತು. ಬ್ಲೆಚ್ಲಿಯಿಂದ ಆಕ್ಸ್‌ಫರ್ಡಿಗೂ ಕೇಂಬ್ರಿಜ್ಜಿಗೂ ಆಗ ರೈಲುಮಾರ್ಗವಿದ್ದುದರಿಂದ ವಿದ್ವಾಂಸರನ್ನು ಕರೆತರುವುದು ಸುಲಭವಾಗಿದ್ದಿತು. ಮೊದಲು ಬಂದ ತಂಡದವರು ತಾವು ಬೇಟೆಗೆ ಬಂದ ಗೆಳೆಯರೆಂದು ಊರವರಿಗೆ ಹೇಳಿಕೊಂಡರಂತೆ. ಬಂಗಲೆಯಲ್ಲಿ ಜಾಗ ಸಾಲದೆ ಸುತ್ತಲೂ ಮರದ ಗುಡಿಸಲುಗಳು ಎದ್ದವು. ಯುದ್ಧದ ಕೊನೆಯ ಹೊತ್ತಿಗೆ ಇಲ್ಲಿಯೂ ಇದರ ಶಾಖೆಗಳಲ್ಲಿಯೂ ಕೆಲಸ ಮಾಡುತ್ತಿದ್ದವರು ಸುಮಾರು 9,000 ಮಂದಿ. ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಯುದ್ಧ ಮುಗಿದ ಮೇಲೆಯೂ ಅವರು ಈ ಮಾತನ್ನು ಹೊರಗೆಡಹಲಿಲ್ಲ. ಇಲ್ಲಿಯ ಕೆಲಸದ ಕಥೆಯು ಲೋಕಕ್ಕೆ ತಿಳಿದುಬಂದುದು 1974 ರಲ್ಲಿ. ಕೈಹಿಡಿದ ಗಂಡನಿಗೂ ತಿಳಿಸದೆ ಮೂವತ್ತು ವರ್ಷ ಗುಟ್ಟನ್ನು ಕಾಪಾಡಿದ ಹೆಂಗಸರು ಇಲ್ಲಿದ್ದರು ಎಂಬುದನ್ನು, ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದೆನ್ನುವ ಮಹನೀಯರು ನೆನಪಿನಲ್ಲಿಟ್ಟುಕೊಳ್ಳಬೇಕು.

ಜರ್ಮನರ ಗುಪ್ತಯಂತ್ರದ ಹೆಸರು ಎನಿಗ್ಮಾ. ನೋಡುವುದಕ್ಕೆ ಬೆರಳಚ್ಚಿನ ಯಂತ್ರದಂತಿದೆ. ಒಂದು ಅಕ್ಷರವನ್ನು ಒತ್ತಿದರೆ ಬೇರೊಂದು ಅಕ್ಷರದ ದೀಪವು ಹೊತ್ತುವುದು. ಒತ್ತಿದಂತೆಲ್ಲ ಒಳಗಿನ ಗಾಲಿಗಳು ತಿರುಗಿ, ಅದೇ ಅಕ್ಷರಕ್ಕೆ ಮುಂದಿನ ಸಲ ಇನ್ನೊಂದು ದೀಪ. ಐದು ಗಾಲಿಗಳಲ್ಲಿ ಮೂರನ್ನಾರಿಸಿ, ಹತ್ತು ತಂತಿಗಳನ್ನು ಸಿಕ್ಕಿಸಿ ಇದನ್ನು ಅಣಿಗೊಳಿಸಬಹುದಾದ ರೀತಿಗಳು ಸುಮಾರು 16 ಲಕ್ಷ ಕೋಟಿ ಕೋಟಿ. ಪ್ರತಿದಿನವೂ ಅಣಿ ಬದಲಾಗುತ್ತಿದ್ದಿತು. ಪೋಲೆಂಡಿನ ಗಣಿತಜ್ಞರಾದ ಮರಿಯನ್ ರೆಯೆವ್‌ಸ್ಕಿ ಎಂಬವರು 1932 ರಲ್ಲಿಯೇ ಈ ಯಂತ್ರದ ಮರ್ಮವನ್ನು ಭೇದಿಸಿದ್ದರು. 1939 ರ ಜುಲೈ ತಿಂಗಳಲ್ಲಿ ಪೋಲಿಷರು ತಮ್ಮ ವಿದ್ಯೆಯನ್ನು ಆಂಗ್ಲೇಯರಿಗೂ ಫ್ರೆಂಚರಿಗೂ ಧಾರೆಯೆರೆದರು. ಅದರ ಮೇಲೆ ಅಲನ್ ಟೂರಿಂಗ್ ಎಂಬ ತರುಣ ಗಣಿತಜ್ಞರು ಬಾಂಬ್ ಎಂದು ಕರೆಯಲ್ಪಟ್ಟ ಒಂದು ದೊಡ್ಡ ಯಂತ್ರವನ್ನು ಯೋಜಿಸಿದರು. ಗಾರ್ಡನ್ ವೆಲ್ಚ್‌ಮನ್ ಎಂಬವರು ಅದನ್ನು ಇನ್ನಷ್ಟು ಚುರುಕುಗೊಳಿಸಿದರು.

ಹೊಸದಾಗಿ ಕಟ್ಟಿದ ಅಂಥದೊಂದು ಯಂತ್ರವನ್ನು ಉಪವನದ ಆವರಣದಲ್ಲಿಯೇ ಇರುವ ಗಣಕಯಂತ್ರಗಳ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಆಳೆತ್ತರವನ್ನು ಮೀರಿದ ಕಬ್ಬಿಣದ ಕಪಾಟು. ಮುಂದುಗಡೆ ಬಣ್ಣಬಣ್ಣದ 108 ಉರುಳೆಗಳು. ಯಂತ್ರವು ಹೊರಟಾಗ ಸಾವಿರ ಹೆಣಿಗೆಯ ಕಡ್ಡಿಗಳು ಒಮ್ಮೆಗೇ ತಾಗಿದಂತೆ ಸದ್ದು. ತಟಕ್ಕನೆ ನಿಂತಿತು. ಗುಪ್ತಲಿಪಿಯು ಬಿಡಿಸಿತೆಂದು ನಾವು ತಿಳಿದೆವು. ನಮಗೆ ತೋರಿಸುತ್ತಿದ್ದ ವೃದ್ಧರು ನಕ್ಕು ಹೀಗೆಂದರು: “ಇಲ್ಲ ಸ್ವಾಮಿ, ಯಂತ್ರ ನಿಂತರೆ ಬೀಗದ ಕೈ ಸಿಕ್ಕಿತೆಂದು ಅರ್ಥವಲ್ಲ. ಇದು ಆಗಲಾರದು, ಇದು ಆಗಲಾರದು ಎಂದು ತಳ್ಳುತ್ತ ಬಂದು, ಇದನ್ನು ತಳ್ಳಲಾರೆ, ತಾವೇ ನೋಡಿಕೊಳ್ಳಿ ಎನ್ನುತ್ತದೆ. ಆಮೇಲೆ ಒಬ್ಬರು ಕುಳಿತು ಪರೀಕ್ಷಿಸಬೇಕು. ಬಹಳ ಸಲ ಅದು ಸುಳ್ಳು ನಿಲುಗಡೆ.”

ಈ ಮಾತು ನಮ್ಮ ಮನಸ್ಸಿನಲ್ಲಿ ನಾಟಿತು. ಯಂತ್ರವು ಶೋಧಿಸುವುದು, ಮನುಷ್ಯನು ಪರೀಕ್ಷಿಸುವುದು. ಇದು ಇಲ್ಲಿಯ ದಿನಚರಿಯಾಗಿದ್ದಿತು. ಶೋಧಿಸುವುದಕ್ಕೆ ಮೊದಲೂ ಮನುಷ್ಯನ ಊಹೆಯೇ ಬೇಕು. ಜರ್ಮನರ ಹವಾವರದಿಯಲ್ಲಿ ಇಂಥ ಮಾತು ಇಂಥ ಕಡೆ ಬರುವುದೆಂದು ಒಬ್ಬರು ಊಹಿಸಿ ಕೊಡದಿದ್ದರೆ ಯಂತ್ರವು ಎಲ್ಲಿಂದ ಹೊರಡಬೇಕು? 1941 ರ ಅಕ್ಟೋಬರಿನಲ್ಲಿ ಟೂರಿಂಗರೂ ಇನ್ನು ಮೂವರೂ ಸೇರಿ ಪ್ರಧಾನಮಂತ್ರಿ ಚರ್ಚಿಲರಿಗೆ ನೇರವಾಗಿ ಒಂದು ಕಾಗದವನ್ನು ಬರೆದರು. ಆ ಕಾಗದದಲ್ಲಿ ಅವರು ಮುಖ್ಯವಾಗಿ ಬೇಡಿದ್ದು ಗುಮಾಸ್ತರನ್ನು, ಬೆರಳಚ್ಚಿನವರನ್ನು, ಯಂತ್ರಗಳ ಬಳಿ ನಿಲ್ಲುವ ಹುಡುಗಿಯರನ್ನು. ಕೆಲಸ ನಿಂತಿದ್ದುದು ಜನರ ಅಭಾವದಿಂದ.

ಲಿಪಿಯನ್ನು ಓದಿದ ಮೇಲೆ ಇನ್ನೂ ಕಠಿನವಾದ ಕೆಲಸವೊಂದು ಉಳಿಯುತ್ತಿದ್ದಿತು. ಶತ್ರುವಿನ ಹಡಗುಗಳು ಇಂಥಲ್ಲಿವೆ ಎಂದು ತಿಳಿಯಿತು. ಒಡನೆಯೇ ಹೋಗಿ ಮುಳುಗಿಸಿದರೆ ತಮ್ಮ ಗುಟ್ಟು ಬಯಲಾಯಿತೆಂದು ಶತ್ರುವು ಅರಿಯುವನು. ಅದಕ್ಕಾಗಿ ಮೊದಲು ಒಂದು ವಿಮಾನವನ್ನು ಆ ಕಡೆಗೆ ಕಳುಹಿಸಿ, ಶತ್ರುವಿನ ಕಣ್ಣಿಗೆ ಬೀಳಿಸಿ, ವಿಮಾನದಿಂದಲೇ ತಿಳಿಯಿತೆಂದು ತೋರಿಸಿಕೊಂಡು ಅನಂತರ ಹೊಡೆಯುತ್ತಿದ್ದರು. ಇಂದಿನ ಪ್ರಾಣಗಳನ್ನು ಉಳಿಸುವುದೋ, ನಾಳೆಯ ಪ್ರಾಣಗಳಿಗಾಗಿ ಗುಟ್ಟನ್ನು ಉಳಿಸುವುದೋ? ಇಂಥ ತೂಕವನ್ನು ತೂಗಿದವರು ಮನುಷ್ಯರು. ತೂಗಿ ತಪ್ಪಿದರೆ ಅದರ ಭಾರವನ್ನು ಹೊರಬೇಕಾದವರೂ ಅವರೇ.

ಎಂಟನೆಯ ಗುಡಿಸಲಿನಲ್ಲಿ ಟೂರಿಂಗರ ಕೋಣೆಯನ್ನು ಅಂದಿನಂತೆಯೇ ಅಣಿಗೊಳಿಸಿ ಇಟ್ಟಿದ್ದಾರೆ. ಒಂದು ಮೇಜು, ಕಾಗದಗಳು, ಕೋಣೆಯನ್ನು ಬೆಚ್ಚಗಿಡುವ ಕೊಳವೆಗೆ ಸರಪಳಿಯಿಂದ ಕಟ್ಟಿದ ಒಂದು ಚಹದ ಬಟ್ಟಲು. ಬಟ್ಟಲನ್ನು ಯಾರಾದರೂ ಒಯ್ದಾರೆಂದು ಅವರು ಹಾಗೆ ಕಟ್ಟುತ್ತಿದ್ದರಂತೆ. ಲೋಕವನ್ನೇ ಬದಲಿಸಿದ ಬುದ್ಧಿಯು ಬಟ್ಟಲಿನ ವಿಷಯದಲ್ಲಿ ನಮ್ಮ ನಿಮ್ಮಂತೆಯೇ ಇದ್ದಿತು.

ಈ ಟೂರಿಂಗರಿಗೂ ನಮ್ಮ ದಕ್ಷಿಣದೇಶಕ್ಕೂ ಇರುವ ಸಂಬಂಧವು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರ ತಂದೆ ಮದರಾಸು ಆಧಿಪತ್ಯದಲ್ಲಿ ಸಿವಿಲ್ ಸರ್ವಿಸಿನ ಅಧಿಕಾರಿ. ತಾಯಿ ಹುಟ್ಟಿದ್ದು ಕೊಯಮುತ್ತೂರಿನ ಬಳಿಯ ಪೋದನೂರಿನಲ್ಲಿ. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಎಂಬವರು ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರು. ತುಂಗಭದ್ರೆಗೆ ಸೇತುವೆ ಕಟ್ಟಿದ ಕೀರ್ತಿ ಅವರದು. ಸದ್ದಿಲ್ಲದೆ ತಿರುಗುವ ಪಂಖದ ಗಾಲಿಯೊಂದನ್ನೂ ಅವರು ಕಲ್ಪಿಸಿ ಹಕ್ಕುಪತ್ರ ಪಡೆದಿದ್ದರು. 1912 ರಲ್ಲಿ ಅಲನ್ ಹುಟ್ಟಿದ್ದು ಲಂಡನ್ನಿನಲ್ಲಿ. ಹಿಂದೂದೇಶದ ಬಿಸಿಲು ಮಗುವಿಗೆ ಒಗ್ಗದೆಂದು ತಂದೆತಾಯಿಗಳು ಅವರನ್ನೂ ಅವರಣ್ಣನನ್ನೂ ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ ಬಿಟ್ಟು ಮದರಾಸಿಗೆ ಮರಳಿದರು. ತುಂಗಭದ್ರೆಯ ಸೇತುವೆಯನ್ನು ಕಟ್ಟಿದವರ ಮೊಮ್ಮಗನು ತಂದೆತಾಯಿಗಳ ಮುಖವನ್ನು ರಜೆಯಲ್ಲಿ ಮಾತ್ರ ಕಾಣುತ್ತ ಬೆಳೆದನು.

ಮಧ್ಯಾಹ್ನದ ಮೇಲೆ ನಾವು ಕೊಲಾಸಸ್ ಎಂಬ ಮಹಾಯಂತ್ರವನ್ನು ನೋಡಿದೆವು. ಹಿಟ್ಲರನ ಸೇನಾಪತಿಗಳು ತಮ್ಮೊಳಗೆ ಮಾತನಾಡುತ್ತಿದ್ದುದು ಎನಿಗ್ಮಾಕ್ಕಿಂತಲೂ ಗಹನವಾದ ಲೊರೆಂಟ್ಸ್ ಎಂಬ ಯಂತ್ರದಿಂದ. ಬಿಲ್ ಟಟ್ ಎಂಬ ತರುಣರು ಆ ಯಂತ್ರವನ್ನು ಕಣ್ಣಿನಿಂದ ಕಾಣದೆಯೇ ಅದರ ಒಳರಚನೆಯನ್ನು ತರ್ಕದಿಂದ ಕಂಡುಹಿಡಿದರು. ಅದನ್ನು ಬೇಗನೆ ಭೇದಿಸುವುದಕ್ಕಾಗಿ ಟಾಮಿ ಫ್ಲವರ್ಸ್ ಎಂಬವರು ಸುಮಾರು 1,600 ವಿದ್ಯುದ್ದೀಪದಂಥ ವಾಲ್ವುಗಳನ್ನು ಜೋಡಿಸಿ ಈ ಯಂತ್ರವನ್ನು ಕಟ್ಟಿದರು. 1944 ರ ಫೆಬ್ರವರಿಯಲ್ಲಿ ಅದು ಕೆಲಸಕ್ಕೆ ತೊಡಗಿತು. ತೂತು ಕೊರೆದ ಕಾಗದದ ಪಟ್ಟಿಯಿಂದ ಕ್ಷಣಕ್ಕೆ 5,000 ಅಕ್ಷರಗಳನ್ನು ಓದಬಲ್ಲುದು. ನಾವು ಕಂಡುದು ಮೂಲಯಂತ್ರವಲ್ಲ. ಟೋನಿ ಸೇಲ್ ಎಂಬವರು ಸಂಗಡಿಗರೊಡನೆ ವರ್ಷಗಟ್ಟಲೆ ದುಡಿದು ಮರಳಿ ಕಟ್ಟಿದ್ದು. ವಾಲ್ವುಗಳ ಕೆಂಬೆಳಕಿನಲ್ಲಿ ಆ ಕೋಣೆಯು ಆಗತಾನೇ ಒಲೆಯಾರಿಸಿದ ಅಡಿಗೆಮನೆಯಂತೆ ಬೆಚ್ಚಗಿದ್ದಿತು.

ಈ ಫ್ಲವರ್ಸ್ ಮಹಾಶಯರು ಗಾರೆಕೆಲಸದವರ ಮಗ. ಅಂಚೆ ಇಲಾಖೆಯ ದೂರವಾಣಿ ಇಂಜಿನಿಯರು. ಇಷ್ಟೊಂದು ವಾಲ್ವುಗಳು ಒಟ್ಟಿಗೆ ಕೆಡದೆ ಉರಿಯಲಾರವೆಂದು ದೊಡ್ಡವರು ಸಂಶಯಪಟ್ಟರೂ, ಆರಿಸದೆ ಬಿಟ್ಟರೆ ಅವು ಕೆಡುವುದು ಅಪರೂಪವೆಂಬ ಅನುಭವದಿಂದ ಅವರು ಮುಂದುವರಿದರು; ಕೈಯಿಂದ ಹಣವನ್ನೂ ಹಾಕಿದರು. ಯುದ್ಧಾನಂತರ ಗುಟ್ಟನ್ನು ಕಾಯುವುದಕ್ಕಾಗಿ ತಮ್ಮ ನಕ್ಷೆಗಳನ್ನು ತಾವೇ ಕುಲುಮೆಗೆ ಹಾಕಬೇಕಾಯಿತು. ಯಂತ್ರವನ್ನು ಚೆನ್ನಾಗಿ ಬಲ್ಲವರು ಅದು ಎಲ್ಲಿ ಕೆಡುವುದೆಂಬುದನ್ನೂ ಬಲ್ಲರು ಎಂಬುದಕ್ಕೆ ಅವರೊಬ್ಬರು ನಿದರ್ಶನ.

ಅಂಚೆಯ ಹೆಸರು ಬಂದುದರಿಂದ ಆ ದೇಶದಲ್ಲಿಯೇ ನಡೆದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. 1999 ರಿಂದ ಮೊದಲ್ಗೊಂಡು ಬ್ರಿಟನ್ನಿನ ಅಂಚೆಕಚೇರಿಗಳಲ್ಲಿ ಹೊರೈಜನ್ ಎಂಬ ಗಣಕಯಂತ್ರದ ಲೆಕ್ಕಪದ್ಧತಿಯನ್ನು ನೆಲೆಗೊಳಿಸಿದರು. ಅಲ್ಲಿ ಹಳ್ಳಿಯ ಅಂಚೆಯನ್ನು ನಡೆಯಿಸುವವರು ಹೆಚ್ಚಾಗಿ ಚಿಕ್ಕ ಅಂಗಡಿಕಾರರು. ಭಾರತೀಯ ಮೂಲದವರೂ ಅವರಲ್ಲಿ ಅನೇಕರು. ಯಂತ್ರವು ಇದ್ದಕ್ಕಿದ್ದಂತೆ ಪೆಟ್ಟಿಗೆಯಲ್ಲಿ ಹಣ ಕಡಮೆಯಿದೆ ಎನ್ನತೊಡಗಿತು. ಕರಾರಿನಂತೆ ಕೊರತೆಯನ್ನು ಅವರೇ ತುಂಬಬೇಕು. ಕೆಲವರು ಉಳಿತಾಯವನ್ನು ಸುರಿದರು, ಕೆಲವರು ಮನೆಯನ್ನು ಅಡವಿಟ್ಟರು. ತಾವು ಕದ್ದಿಲ್ಲವೆಂದರೆ, ಯಂತ್ರವು ತಪ್ಪುವುದಿಲ್ಲವೆಂಬ ಉತ್ತರ. ಇಂಥ ದೂರು ಬಂದಿರುವುದು ನಿಮ್ಮೊಬ್ಬರಿಂದಲೇ ಎಂದು ಎಷ್ಟೋ ಮಂದಿಗೆ ಹೇಳಿದರು. ಗಣಕಯಂತ್ರವು ಸರಿಯಾಗಿಯೇ ನಡೆಯುತ್ತಿದ್ದಿತೆಂದು ಮೊದಲು ಭಾವಿಸಿಕೊಳ್ಳತಕ್ಕದ್ದೆಂಬುದು ಅಲ್ಲಿಯ ನ್ಯಾಯಾಲಯಗಳ ಪದ್ಧತಿಯೂ ಆಗಿದ್ದಿತು. ಹೀಗೆ 1999 ರಿಂದ 2015 ರ ವರೆಗೆ 900 ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿದರು. ಕೆಲವರು ಸೆರೆಮನೆಗೆ ಹೋದರು. ಅವರಲ್ಲಿ ಒಬ್ಬಾಕೆ ಗರ್ಭಿಣಿ.

ತಪ್ಪು ಯಂತ್ರದ ಲೆಕ್ಕದಲ್ಲಿ ಇದ್ದಿತೆಂದು 2019 ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ತೀರ್ಪಿತ್ತಿತು. 2024 ರ ಮೇ ತಿಂಗಳಲ್ಲಿ ಪಾರ್ಲಿಮೆಂಟು ಪ್ರತ್ಯೇಕವಾದ ಒಂದು ಕಾಯಿದೆಯನ್ನೇ ಮಾಡಿ ಆ ಶಿಕ್ಷೆಗಳನ್ನು ಅಳಿಸಬೇಕಾಯಿತು. ಈ ಸಂಕಟದಿಂದ ಕನಿಷ್ಠ 13 ಮಂದಿ ಆತ್ಮಹತ್ಯೆ ಮಾಡಿಕೊಂಡಿರಬಹುದೆಂದು 2025 ರ ಜುಲೈಯಲ್ಲಿ ವಿಚಾರಣಾ ಸಮಿತಿಯು ವರದಿಮಾಡಿತು. ಯಾವ ಅಂಚೆ ಇಲಾಖೆಯ ಇಂಜಿನಿಯರರೊಬ್ಬರು ಕೊಲಾಸಸನ್ನು ಕಟ್ಟಿದರೋ, ಅದೇ ಅಂಚೆಯ ಹೆಸರನ್ನು ಹೊತ್ತ ಸಂಸ್ಥೆಯಲ್ಲಿ ಹೀಗಾಯಿತು. ಹೊರೈಜನ್ನಿನಲ್ಲಿ ಕೃತಕ ಬುದ್ಧಿಯೇನೂ ಇರಲಿಲ್ಲ. ಅದು ಬರಿಯ ಕೂಡುವ ಕಳೆಯುವ ಯಂತ್ರ. ಅಷ್ಟರಿಂದಲೇ ಇಷ್ಟು ಅನ್ಯಾಯವಾಗಬಹುದಾದರೆ ಯೋಚಿಸಬೇಕಾದುದು ಯಂತ್ರದ ಜಾಣತನವನ್ನು ಕುರಿತಲ್ಲ, ಅದನ್ನು ನಂಬುವ ನಮ್ಮ ರೀತಿಯನ್ನು ಕುರಿತು. ಬ್ಲೆಚ್ಲಿಯಲ್ಲಿ ಯಂತ್ರವು ನಿಂತಾಗ ಒಬ್ಬರು ಕುಳಿತು ಪರೀಕ್ಷಿಸುತ್ತಿದ್ದರಲ್ಲ, ಆ ಕುರ್ಚಿಯು ಇಲ್ಲಿ ಬರಿದಾಗಿದ್ದಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಒಂದುಂಟು. 1983 ರ ಸೆಪ್ಟೆಂಬರ್ 26 ರ ರಾತ್ರಿ ಮಾಸ್ಕೋ ನಗರದ ದಕ್ಷಿಣಕ್ಕೆ ಒಂದು ಕಾವಲುನೆಲೆಯಲ್ಲಿ ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಸೇನಾಧಿಕಾರಿಯು ಪಹರೆಯಲ್ಲಿದ್ದನು. ಅಮೆರಿಕದಿಂದ ಐದು ಅಣ್ವಸ್ತ್ರಗಳು ಹೊರಟಿವೆಯೆಂದು ಯಂತ್ರವು ಕೂಗಿತು. ನಿಜವಾದ ಯುದ್ಧವಾದರೆ ಐದರಿಂದಲೇ ಯಾರು ತೊಡಗುವರು ಎಂದು ಯೋಚಿಸಿ, ಆತನು ಇದು ಯಂತ್ರದ ತಪ್ಪೆಂದು ಮೇಲಿನವರಿಗೆ ತಿಳಿಸಿದನು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹವು ಬೆಂಕಿಯೆಂದು ಭ್ರಮಿಸಿದ್ದಿತು. ಒಬ್ಬನ ಸಂಶಯದಿಂದ ಕೋಟ್ಯಂತರ ಜನರು ಬೆಳಗನ್ನು ಕಂಡರೆನ್ನಬಹುದು.

ಯಂತ್ರಗಳು ಯೋಚಿಸಬಲ್ಲವೇ ಎಂಬ ಪ್ರಶ್ನೆಯನ್ನು 1950 ರಲ್ಲಿ ಒಂದು ಪ್ರಬಂಧದಲ್ಲಿ ಎತ್ತಿದವರು ಟೂರಿಂಗರೇ. ಆ ಪ್ರಶ್ನೆಯು ಅಸ್ಪಷ್ಟವೆಂದು ಅದರ ಬದಲು ಅವರು ಒಂದು ಆಟವನ್ನು ಸೂಚಿಸಿದರು: ತೆರೆಯ ಆಚೆಗಿರುವುದು ಮನುಷ್ಯನೋ ಯಂತ್ರವೋ ಎಂಬುದನ್ನು ಬರಹದ ಪ್ರಶ್ನೋತ್ತರದಿಂದ ಕಂಡುಹಿಡಿಯುವ ಆಟ. ಗುರುತಿಸಲಾಗದ ಮಟ್ಟಿಗೆ ಯಂತ್ರವು ನಟಿಸಬಲ್ಲುದಾದರೆ ಅದು ಯೋಚಿಸುವುದೆಂದು ಹೇಳುವುದಕ್ಕೆ ಅಡ್ಡಿಯೇನು ಎಂಬುದು ಅವರ ತರ್ಕ. ಹದಿನಾರು ವರ್ಷಗಳ ಮೇಲೆ, 1966 ರಲ್ಲಿ, ಅಮೆರಿಕದ ಜೋಸೆಫ್ ವೈಜನ್‌ಬಾಮ್ ಎಂಬ ಪ್ರಾಧ್ಯಾಪಕರು ಎಲೈಜಾ ಎಂಬ ಒಂದು ಸಂಭಾಷಣೆಯ ಕ್ರಮವನ್ನು ಪ್ರಕಟಿಸಿದರು. ನೀವು ಬರೆದ ಮಾತನ್ನೇ ತುಸು ತಿರುಗಿಸಿ ಪ್ರಶ್ನೆಯಾಗಿ ಮರಳಿ ಕೇಳುವುದಷ್ಟೇ ಅದರ ವಿದ್ಯೆ. ಆದರೂ ಅದು ಕಟ್ಟಲ್ಪಡುತ್ತಿದ್ದುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿನಿಯೇ, ಅದರೊಡನೆ ಸ್ವಲ್ಪ ಹೊತ್ತು ಮಾತನಾಡಿದ ಮೇಲೆ, ತಾವು ಕೋಣೆಯಿಂದ ಆಚೆಗೆ ಹೋಗಬೇಕೆಂದು ಅವರನ್ನು ಕೇಳಿಕೊಂಡಳಂತೆ. ಯಂತ್ರದೊಡನೆ ಆಕೆಗೆ ಏಕಾಂತವು ಬೇಕಾಯಿತು!

ವೈಜನ್‌ಬಾಮರು ಹುಡುಗರಾಗಿದ್ದಾಗ 1936 ರಲ್ಲಿ ತಂದೆತಾಯಿಗಳೊಡನೆ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಹೋದವರು. ಮನುಷ್ಯರನ್ನು ಎಣಿಕೆಯ ಪಟ್ಟಿಯಲ್ಲಿನ ಅಂಕಿಗಳಂತೆ ಕಾಣುವ ರಾಜ್ಯ ಹೇಗಿರುವುದೆಂದು ಬಲ್ಲವರು. 1976 ರಲ್ಲಿ ಅವರು ಬರೆದ ಪುಸ್ತಕದ ಸಾರವನ್ನು ನಮ್ಮ ಮಾತಿನಲ್ಲಿ ಹೀಗೆನ್ನಬಹುದು: ಯಂತ್ರದಿಂದ ಸಾಧ್ಯವಾದರೂ ಯಂತ್ರಕ್ಕೆ ಒಪ್ಪಿಸಬಾರದ ಕೆಲಸಗಳು ಉಂಟು; ನ್ಯಾಯಾಧೀಶನ ಪೀಠ, ಮನಸ್ಸು ನೊಂದವರಿಗೆ ಸಾಂತ್ವನ ಹೇಳುವವನ ಆಸನ ಅಂಥವು. ಲೆಕ್ಕಹಾಕಿ ನಿರ್ಣಯಿಸುವುದು ಒಂದು, ವಿವೇಕದಿಂದ ಆರಿಸುವುದು ಇನ್ನೊಂದು. ಎರಡನೆಯದಕ್ಕೆ ಬಾಳಿ ಬಳಲಿದ ಅನುಭವವು ಬೇಕು.

ಹಾಗಾದರೆ ಮನುಷ್ಯನ ತೀರ್ಪು ಯಾವಾಗಲೂ ದಯೆಯುಳ್ಳದ್ದೇ ಎಂದು ವಾಚಕರು ಕೇಳಬಹುದು. ಅಲ್ಲವೆಂಬುದಕ್ಕೆ ಟೂರಿಂಗರ ಬಾಳೇ ಸಾಕ್ಷಿ. ಇನ್ನೊಬ್ಬ ಪುರುಷನನ್ನು ಪ್ರೀತಿಸಿದ್ದಕ್ಕಾಗಿ 1952 ರಲ್ಲಿ ಅವರ ಮೇಲೆ ಮೊಕದ್ದಮೆ ನಡೆಯಿತು. ಸೆರೆಮನೆಯನ್ನು ತಪ್ಪಿಸಿಕೊಳ್ಳಲು ದೇಹವನ್ನೇ ಮಾರ್ಪಡಿಸುವ ಔಷಧಿಯನ್ನು ವರ್ಷಕಾಲ ಸಹಿಸಬೇಕಾಯಿತು. ರಹಸ್ಯ ಕಾರ್ಯಗಳಿಂದ ಅವರನ್ನು ದೂರವಿಟ್ಟರು. 1954 ರ ಜೂನ್ 7 ರಂದು, ನಲವತ್ತೆರಡು ತುಂಬುವ ಮುನ್ನವೇ, ಅವರು ತೀರಿಕೊಂಡರು. ಆ ನ್ಯಾಯಸ್ಥಾನದಲ್ಲಿ ಯಾವ ಯಂತ್ರವೂ ಇರಲಿಲ್ಲ. ಮನುಷ್ಯರೇ ಕಾಯಿದೆಯನ್ನು ಯಂತ್ರದಂತೆ ತಿರುಗಿಸಿದರು. ಅಂಥದೇ ಕಾಯಿದೆಯು ನಮ್ಮ ದೇಶದಲ್ಲಿಯೂ 2018 ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮೊಟಕುಗೊಳಿಸುವ ವರೆಗೆ ಇದ್ದಿತೆಂಬುದನ್ನು ಮರೆಯಬಾರದು.

ಆದರೂ ಇಲ್ಲಿ ಒಂದು ಭೇದವುಂಟು. 2009 ರಲ್ಲಿ ಬ್ರಿಟನ್ನಿನ ಪ್ರಧಾನಮಂತ್ರಿಗಳು ಟೂರಿಂಗರಿಗಾದ ಅನ್ಯಾಯಕ್ಕಾಗಿ ಬಹಿರಂಗವಾಗಿ ಕ್ಷಮೆ ಬೇಡಿದರು; 2013 ರಲ್ಲಿ ರಾಣಿಯ ಕ್ಷಮಾಪತ್ರವಾಯಿತು; 2021 ರಲ್ಲಿ ಅವರ ಚಿತ್ರವು 50 ಪೌಂಡಿನ ನೋಟಿನ ಮೇಲೆ ಬಂದಿತು. ಬಹಳ ತಡವಾಯಿತು, ಸತ್ತವರಿಗೆ ಅದರಿಂದ ಏನೂ ಆಗದು, ನಿಜ. ಆದರೆ ಪಶ್ಚಾತ್ತಾಪಪಡುವ ಶಕ್ತಿಯೊಂದು ಮನುಷ್ಯಸಮಾಜದಲ್ಲಿ ಇರುವುದರಿಂದಲೇ ಕಾಯಿದೆಯು ತಿದ್ದಿತು. ಯಂತ್ರವು ತಪ್ಪಿದರೆ ಅದಕ್ಕೆ ನಾಚಿಕೆಯಿಲ್ಲ, ರಾತ್ರಿ ನಿದ್ದೆ ಕೆಡುವುದಿಲ್ಲ. ನೊಂದವರು ಯಾರ ಮುಂದೆ ಹೋಗಿ ನಿಲ್ಲಬೇಕು? ನಮ್ಮ ಹಳ್ಳಿಗಳ ಪಂಚಾಯತಿಯಲ್ಲಿ ತಪ್ಪು ತೀರ್ಪು ಕೊಟ್ಟ ಯಜಮಾನನು ಮರುದಿನ ಅದೇ ಬಾವಿಕಟ್ಟೆಯಲ್ಲಿ ಅದೇ ಜನರ ಮುಖವನ್ನು ನೋಡಬೇಕಾಗಿದ್ದಿತು. ಆ ಮುಖದಾಕ್ಷಿಣ್ಯದಿಂದ ಅನ್ಯಾಯವೂ ಆದದ್ದುಂಟು. ಆದರೆ ಉತ್ತರ ಹೇಳಬೇಕಾದವನು ಯಾರೆಂಬುದರಲ್ಲಿ ಸಂಶಯವಿರಲಿಲ್ಲ. ಹೀಗೆ ನೋಡಿದರೆ, ಕೇಳಿದಾಗ ಉತ್ತರ ಹೇಳಲಾರದ, ತಪ್ಪಿದಾಗ ಮರುಗಲಾರದ ವಸ್ತುವಿಗೆ ಇನ್ನೊಬ್ಬರ ಬಾಳನ್ನು ನಿರ್ಣಯಿಸುವ ಕಡೆಯ ಮಾತನ್ನು ಕೊಡಬಾರದೆಂಬುದೇ ನಾವು ಹುಡುಕಿಕೊಂಡು ಹೋದ ಎಲ್ಲೆಯೆಂದು ನಮಗೆ ತೋರಿತು.

ಲೋಕದ ದೊಡ್ಡವರೂ ಈ ಎಲ್ಲೆಯನ್ನು ಕುರಿತು ಯೋಚಿಸಲು ಇದೇ ಬಂಗಲೆಗೆ ಬಂದಿದ್ದರು. 2023 ರ ನವೆಂಬರ್ 1 ಮತ್ತು 2 ರಂದು ಕೃತಕ ಬುದ್ಧಿಯ ಸುರಕ್ಷತೆಯನ್ನು ಕುರಿತು ಇಲ್ಲಿ ಒಂದು ಸಮ್ಮೇಳನವು ಸೇರಿತು. ಅಮೆರಿಕ, ಚೀನ, ಭಾರತ ಮೊದಲಾದ 28 ದೇಶಗಳೂ ಐರೋಪ್ಯ ಒಕ್ಕೂಟವೂ ಕೂಡಿ ಬ್ಲೆಚ್ಲಿ ಘೋಷಣೆಗೆ ಒಪ್ಪಿಗೆಯಿತ್ತವು. ಇಂಥ ಯಂತ್ರಗಳು ಮನುಷ್ಯನನ್ನು ಕೇಂದ್ರವಾಗಿಟ್ಟುಕೊಂಡು, ನಂಬಿಕೆಗೆ ಅರ್ಹವಾಗಿ, ಹೊಣೆಗಾರಿಕೆಯಿಂದ ನಡೆಯಬೇಕೆಂಬುದು ಅದರ ತಾತ್ಪರ್ಯ. ಆದರೆ ಅದು ಘೋಷಣೆ, ಕಾಯಿದೆಯಲ್ಲ. ಮೀರಿದವರಿಗೆ ದಂಡವಿಲ್ಲ. 2025 ರ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ಭಾರತದ ಸಹಾಧ್ಯಕ್ಷತೆಯಲ್ಲಿ ಇಂಥದೇ ಸಮ್ಮೇಳನವು ಸೇರಿದಾಗ, ಅದರ ಘೋಷಣೆಗೆ ಅಮೆರಿಕವೂ ಬ್ರಿಟನ್ನೂ ರುಜು ಹಾಕಲಿಲ್ಲ. ಐರೋಪ್ಯ ಒಕ್ಕೂಟವು ಮಾತ್ರ 2024 ರಲ್ಲಿ ಒಂದು ಕಾಯಿದೆಯನ್ನು ಜಾರಿಗೆ ತಂದಿದೆ. ಜನರ ನಡತೆಗೆ ಅಂಕ ಹಾಕಿ ಅದರಿಂದ ಅವರನ್ನು ಶಿಕ್ಷಿಸುವುದು, ಪಾಠಶಾಲೆಯಲ್ಲಿ ಮಕ್ಕಳ ಮುಖವನ್ನು ನೋಡಿ ಯಂತ್ರದಿಂದ ಅವರ ಭಾವವನ್ನು ಅಳೆಯುವುದು ಮೊದಲಾದುವನ್ನು 2025 ರ ಫೆಬ್ರವರಿಯಿಂದ ಅದು ನಿಷೇಧಿಸಿದೆ.

ರಾಜ್ಯಗಳು ಮಾಡುವುದನ್ನು ಮಾಡಲಿ. ಬೆಂಗಳೂರಿನಲ್ಲಿ ನಮ್ಮ ಮಕ್ಕಳೇ ಸಾವಿರಗಟ್ಟಲೆಯಾಗಿ ಈ ಯಂತ್ರಗಳನ್ನು ಕಟ್ಟುವ ಕೆಲಸದಲ್ಲಿರುವುದರಿಂದ ಈ ಮಾತು ನಮಗೆ ದೂರದ್ದಲ್ಲ. ಗೃಹಸ್ಥರು ತಮ್ಮ ಮನೆಯ ಮಟ್ಟಿಗೆ ಆಚರಿಸಬಹುದಾದ ಕೆಲವು ಸೂತ್ರಗಳನ್ನು ಬ್ಲೆಚ್ಲಿಯಿಂದ ಕಟ್ಟಿಕೊಂಡು ಬಂದಿದ್ದೇವೆ. ಮೊದಲನೆಯದು, ಯಂತ್ರವು ಹೇಳಿದ್ದನ್ನು ನಿಲುಗಡೆಯೆಂದು ತಿಳಿಯಬೇಕು, ತೀರ್ಪೆಂದಲ್ಲ. ಅದು ಸೂಚಿಸಿದ ಮದ್ದನ್ನು ವೈದ್ಯರಿಗೆ ತೋರಿಸದೆ ಸೇವಿಸಬಾರದು. ಅದು ಬರೆದ ಲೆಕ್ಕವನ್ನು ಮಗುವು ತಾನೂ ಒಮ್ಮೆ ಮಾಡಿ ನೋಡಬೇಕು. ಎರಡನೆಯದು, ಸಾಲ, ಕೆಲಸ, ಪಡಿತರ, ವಿಮೆ ಏನೇ ಆಗಲಿ, ಯಂತ್ರವು ಒಪ್ಪುವುದಿಲ್ಲವೆಂದು ಯಾರಾದರೂ ಹೇಳಿದರೆ, ಇದಕ್ಕೆ ಉತ್ತರ ಹೇಳುವವರು ಯಾರೆಂದು ವಿನಯದಿಂದಲೂ ಬಿಡದೆಯೂ ಕೇಳಬೇಕು. ನನಗೊಬ್ಬನಿಗೇ ಹೀಗಾಯಿತೆಂದು ನಾಚಿ ಸುಮ್ಮನಿರಬಾರದು. ಬ್ರಿಟನ್ನಿನ ಅಂಚೆಯವರು ಒಬ್ಬರನ್ನೊಬ್ಬರು ಕಂಡುಕೊಂಡ ದಿನವೇ ಅವರ ಬಿಡುಗಡೆಯು ಮೊದಲಾಯಿತು. ಮೂರನೆಯದು, ಟೂರಿಂಗರ ಆಟವನ್ನು ಈಗ ವಂಚಕರೂ ಕಲಿತಿದ್ದಾರೆ. ಮಗನ ಧ್ವನಿಯನ್ನೇ ಅನುಕರಿಸಿ, ಅಪಘಾತವಾಯಿತು, ಹಣ ಕಳುಹಿಸಿ ಎಂದು ದೂರವಾಣಿಯಲ್ಲಿ ಅಳುವ ಯಂತ್ರಗಳಿವೆ. ಮನೆಯವರಿಗೆ ಮಾತ್ರ ತಿಳಿದ ಒಂದು ಗುರುತಿನ ಮಾತನ್ನು ಮನೆಯೊಳಗೆ ಇಟ್ಟುಕೊಳ್ಳುವುದು ಲೇಸು. ಬ್ಲೆಚ್ಲಿಯ ಹೆಂಗಸರಂತೆ ಅದನ್ನು ಹೊರಗೆ ಆಡದಿರುವುದೂ ಲೇಸು. ಕೊನೆಯದು, ಮನಸ್ಸು ನೊಂದ ಮಗುವನ್ನು ಯಂತ್ರದ ಮುಂದೆ ಬಿಟ್ಟು ನಾವು ಬೇರೆ ಕೋಣೆಗೆ ಹೋಗಬಾರದು. ಅದು ಮಧುರವಾಗಿ ಮಾತನಾಡೀತು. ಆದರೆ ಮಗುವಿನ ಹಣೆ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಲಾರದು.

ಇಂಗ್ಲೆಂಡಿಗೆ ಹೋಗುವವರು ಒಂದು ದಿನವನ್ನು ಪೂರ್ತಿಯಾಗಿ ಬ್ಲೆಚ್ಲಿಗೆ ಮೀಸಲಿಡುವುದು ಒಳ್ಳೆಯದು. ಗುಡಿಸಲುಗಳಿಗೆ ಒಂದು ಟಿಕೀಟು, ಗಣಕಯಂತ್ರಗಳ ಸಂಗ್ರಹಾಲಯಕ್ಕೆ ಬೇರೊಂದು, ಎರಡನ್ನೂ ನೋಡಬೇಕು. ಮಕ್ಕಳಿದ್ದರೆ ತಪ್ಪದೆ ಕರೆದೊಯ್ಯಬೇಕು. ಬಾಂಬ್ ಯಂತ್ರದ ಉರುಳೆಗಳು ತಿರುಗಿ ತಟಕ್ಕನೆ ನಿಂತಾಗ ಅವರು ಆನಂದದಿಂದ ಕೈತಟ್ಟುವರು. ಆಗ ಅವರನ್ನು ಹತ್ತಿರ ಕರೆದು, ಈಗ ಯಾರು ಪರೀಕ್ಷಿಸಬೇಕು ಹೇಳಿ ನೋಡೋಣ ಎಂದು ಕೇಳಬೇಕು.